ಬೆಳಗಾಗದ ಮಂಗಳವಾರ

ಗೋದಾವರಿ ಗಲಗಲಿ ಬೆಳಗಿನ ಚಹಾ ಕುಡಿಯುವಾಗ ಯಾರೂ ಬಾಗಿಲು ಬಡಿಯಬಾರದೆಂಬುದು ಹೈದರಾಬಾದಿನ ಕಾಚಿಗುಡಾದ ಆ ಓಣಿಗೆಲ್ಲ ಗೊತ್ತಿತ್ತು. ಆ ಶುಕ್ರವಾರ ಬಂದ ಹೆಂಗಸು ಬಾಗಿಲು ಬಡಿಯಲಿಲ್ಲ. ತಳ್ಳಿಕೊಂಡೇ ಒಳಗೆ ಬಂದಳು.

"ನಿಮ್ಮ ಚಹಾ ಆರಿದ್ರ ಆರಲಿರಿ," ಅಂದಳು. "ನನ್ನ ಗಂಡನ್ನ ಪೋಲೀಸರು ಬಡ್ಯಾಕತ್ತಾರ."

ಶಿವಾನಂದ ಪೇಪರಿನಿಂದ ತಲೆ ಎತ್ತಿದ. ಆ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದು ಅವನಿಗೆ ಆರು ವರ್ಷವಾಗಿತ್ತು. ರಾಣೇಬೆನ್ನೂರಿನವನು, ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಬಾಡಿಗೆಯ ಜೊತೆಗೆ ಅವನು ಗೋದಕ್ಕನಿಗೆ ಇನ್ನೊಂದು ಉಪಕಾರವನ್ನೂ ಮಾಡುತ್ತಿದ್ದ. ಅವಳು ಯೋಚಿಸುವಾಗ ಎದುರಿಗೆ ಕೂತು ತಪ್ಪು ಉತ್ತರ ಹೇಳುತ್ತಿದ್ದ. ಸರಿ ಉತ್ತರ ಹುಡುಕಲು ಅದೂ ಬೇಕಾಗುತ್ತದೆ ಎಂದು ಅವಳೇ ಹೇಳಿದ್ದಳು.

ಗೋದಕ್ಕ ಬೇಗಂಪೇಟೆ ವಿಮಾನ ನಿಲ್ದಾಣದ ಹವಾಮಾನ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ವಿಮಾನ ಏರುವ ಮುಂಚೆ ಪೈಲಟ್‌ಗಳಿಗೆ ಮೇಲಿನ ಗಾಳಿಯ ನಕ್ಷೆ ಕೊಟ್ಟು, ಎಲ್ಲಿ ಎಷ್ಟು ಬಿರುಸು ಎಂದು ಹೇಳುವುದು ಅವಳ ಕೆಲಸವಾಗಿತ್ತು. ನಿವೃತ್ತಿಯ ಮರುವರ್ಷ ಮಠದಲ್ಲಿ ಕಳುವಾಗಿದ್ದ ಬೆಳ್ಳಿ ಪಾದುಕೆ ಹುಡುಕಿಕೊಟ್ಟಳು. ಆಮೇಲೆ ಒಂದು ವಿಷದ ಕೇಸು ಬಿಡಿಸಿದಳು. ಅಲ್ಲಿಂದ ಮುಂದೆ ಜನ ತಾವಾಗಿಯೇ ಬರತೊಡಗಿದರು.

"ಕುಂದರು," ಅಂದಳು ಗೋದಕ್ಕ. "ಯಾರು ನೀನು?"

"ಸುಹಾಸಿನಿ. ಅಮೀರ್‌ಪೇಟ್‌ನ್ಯಾಗ ಕಂಪ್ಯೂಟರ್ ಕಲಸ್ತೀನಿ. ಬರ್ಕತ್‌ಪುರಾದಾಗ ನರಸಿಂಹರಾವ್ ಮುತಾಲಿಕರ ಮನಿ ಮ್ಯಾಲೆ ಬಾಡಿಗಿಗೆ ಅದೀವಿ."

ಆ ಹೆಸರು ಎರಡು ದಿನದಿಂದ ಎಲ್ಲರ ಬಾಯಲ್ಲಿತ್ತು. ಮುತಾಲಿಕರದು ಜೀಡಿಮೆಟ್ಲಾದಲ್ಲಿ ಔಷಧದ ಪುಡಿ ತಯಾರಿಸುವ ಸಣ್ಣ ಕಾರ್ಖಾನೆ. ಹೆಂಡತಿ ತೀರಿಕೊಂಡಿದ್ದಳು. ವಿಧವೆ ಅಕ್ಕ ತುಳಸಾಬಾಯಿಯ ಜೊತೆ ಇದ್ದರು. ಮಂಗಳವಾರ ಏಕಾದಶಿ. ತುಳಸಾಬಾಯಿ ಸಂಜೆ ಮಠದ ಭಜನೆಗೆ ಹೋಗಿ ಎಂಟಕ್ಕೆ ಮರಳಿದಾಗ ತಮ್ಮ ತನ್ನ ಕೋಣೆಯಲ್ಲಿ ಸತ್ತುಬಿದ್ದಿದ್ದ. ತಲೆಗೆ ಹೊಡೆದದ್ದು ದೇವರ ಮನೆಯ ಹಿತ್ತಾಳೆ ದೀಪದ ಕಂಬದಿಂದ.

"ನನ್ನ ಗಂಡ ಮಲ್ಲಿಕಾರ್ಜುನ ಅದೇ ಕಾರ್ಖಾನ್ಯಾಗ ಕೆಮಿಸ್ಟ್," ಅಂದಳು ಸುಹಾಸಿನಿ. "ಜ್ವರ ಬಂದು ಮ್ಯಾಲೆ ಮಲಗಿದ್ದ. ಏನೂ ಕೇಳಿಲ್ಲ ಅಂತಾನ. ನಾ ಕ್ಲಾಸಿನ್ಯಾಗಿದ್ದೆ. ಬುಧವಾರ ಮುಂಜಾನೆ ಎಬ್ಬಿಸಿಕೊಂಡು ಹೋದ್ರು. ಇನ್ನೂ ಕೋರ್ಟಿಗೆ ತೋರಿಸಿಲ್ಲ. ನಾಳೆ ಸಂಜಿ ಒಳಗ ಸಹಿ ಹಾಕಿಸಿಕೋತಾರಂತ. ನಿನ್ನೆ ನೋಡಿದೆ, ಬಲಗಾಲು ಚಪ್ಪಲ್ಯಾಗ ಹಿಡಿಯಂಗಿಲ್ಲ, ಅಷ್ಟು ಬಾತೈತಿ."

ಅವಳು ಅಳಲಿಲ್ಲ. ಶಿವಾನಂದನಿಗೆ ಅದೇ ಹೆಚ್ಚು ಕಷ್ಟವಾಯಿತು.

"ಅವನ ಮ್ಯಾಲ ಯಾಕ ಸಂಶಯ?"

"ಎರಡ ಕಾರಣ. ಹಿತ್ತಲ ಬಾಗಲಾ ಮುರಿದಿಲ್ಲ. ಹಲಗಿ ಸಂದ್ಯಾಗ ಬೆರಳ ಹಾಕಿ ಒಳಗಿನ ಚಿಲಕ ಎತ್ತಬಹುದು. ಅದು ಮನಿಯವರಿಗೆ ಮಾತ್ರ ಗೊತ್ತು. ಇನ್ನ ಸೋಮವಾರ ಇವ್ರಿಬ್ಬರೂ ಓಣಿಗೆಲ್ಲ ಕೇಳೂ ಹಂಗ ಜಗಳಾಡಿದ್ರು."

"ಯಾತಕ್ಕ?"

"ಪುಡಿ ಸಲುವಾಗಿ. ಹುಡುಗರ ಜ್ವರದ ಸಿರಪ್ಪಿಗೆ ಹಾಕೂ ಪುಡಿ. ಇವ ಹೋದ ವಾರ ಎರಡನೆ ಸಲ ಪರೀಕ್ಷಾ ಮಾಡಿದ. ವಿಷ ಉಳಕೊಂಡೈತಿ ಅಂತ ಬಂತು. ಆಗಲೇ ಆರ್ ಡ್ರಮ್ ನಾಗಪುರಕ್ಕ ಹೋಗ್ಯಾವ. ವಾಪಸ್ ತರಸ್ರಿ, ಸರಕಾರಕ್ಕ ತಿಳಸ್ರಿ ಅಂತ ಇವ. ಪ್ರಹ್ಲಾದ ಬರಲಿ, ಅವನ ಮುಂದ ಮಾಡೂಣು ಅಂತ ಅವ್ರು. ಪುಡಿ ಸ್ಯಾಂಪಲ್ ಬಾಟ್ಲಿ ಮುತಾಲಿಕರ ಕೋಣ್ಯಾಗಿತ್ತು. ಅದೂ ಕಾಣವಲ್ದು. ತನ್ನ ತಪ್ಪು ಮುಚ್ಚಾಕ ಇವನೇ ಅವರನ್ನ ಹೊಡದು ಬಾಟ್ಲಿ ಮಾಯ ಮಾಡ್ಯಾನ ಅಂತಾರ ಪೋಲೀಸರು."

"ಮೊದಲು ಆ ಪುಡಿಗೆ ಪಾಸ್ ಅಂತ ಹೇಳಿದವ್ರು ಯಾರು?"

"ಪ್ರಹ್ಲಾದ. ಮುತಾಲಿಕರ ಅಣ್ಣನ ಮಗ, ಕಾರ್ಖಾನಿ ಪಾಲುದಾರ." ಸುಹಾಸಿನಿ ನಿಟ್ಟುಸಿರು ಬಿಟ್ಟಳು. "ನನಗೂ ಅವನ ಮ್ಯಾಲೇ ಮನಸು ಹೋತು. ಆದ್ರ ಅವ ಎರಡ ವಾರದಿಂದ ಅಮೆರಿಕಾದ ಸ್ಯಾನ್‌ಫ್ರಾನ್ಸಿಸ್ಕೋದಾಗಿದ್ದ, ಗಿರಾಕಿ ನೋಡಾಕ. ಮಂಗಳವಾರ ಸಂಜಿ ಅವ ಸಮುದ್ರದ ಮ್ಯಾಲೆ ವಿಮಾನದಾಗಿದ್ದ. ನಿನ್ನೆ ಬಂದು ಕೊಳ್ಳಿ ಇಟ್ಟ."

"ಬ್ಯಾರೆ ಯಾರರೆ?"

"ಬಸವಲಿಂಗಪ್ಪ ಅಂತ ಹಳೇ ಸೂಪರ್‌ವೈಸರ್. ಕುಡಿದು ಬರ್ತಾನಂತ ತಗದಿದ್ರು. ಅವಗೂ ಚಿಲಕ ಗೊತ್ತು. ಆದ್ರ ಆ ಸಂಜಿ ಅವ ನಾಚಾರಂದಾಗ ಹೊಸ ಕೆಲಸದ ಶಿಫ್ಟಿನ್ಯಾಗಿದ್ದ. ಇಡೀ ಶಿಫ್ಟೇ ನೋಡೈತಿ."

ಗೋದಕ್ಕ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದಳು. "ಶಿವಾನಂದ, ಆಟೋ ಕರಿ."

ಮುತಾಲಿಕರ ಮನೆಯಲ್ಲಿ ಸೂತಕ. ಒಲೆ ತಣ್ಣಗಿತ್ತು. ತಲೆ ಬೋಳಿಸಿಕೊಂಡು, ಬರಿಮೈಮೇಲೆ ಪಂಚೆ ಹೊದ್ದು, ಪ್ರಹ್ಲಾದ ಪಡಸಾಲೆಯ ಚಾಪೆಯ ಮೇಲೆ ಕೂತಿದ್ದ. ನಲವತ್ತರ ಒಳಗಿನ ಗಂಡಸು, ಮೃದು ಮಾತು. ಗೋದಕ್ಕ ಏಳು ಎಂದು ಹೇಳದಿದ್ದರೂ ಎದ್ದು ನಿಂತ. ಶಿವಾನಂದನಿಗೆ ಅವನು ಹಿಡಿಸಿಬಿಟ್ಟ.

"ಮಲ್ಲಿಕಾರ್ಜುನ ಹಂಗ ಮಾಡ್ತಾನಂತ ನಾ ಇನ್ನೂ ನಂಬಿಲ್ಲರಿ," ಅಂದ ಪ್ರಹ್ಲಾದ. "ವಕೀಲರ ಖರ್ಚು ನಾನೇ ಕೊಡ್ತೀನಂತ ಸುಹಾಸಿನಿಗೆ ಹೇಳೀನಿ."

ಗೋಡೆಗೆ ಒರಗಿ ಕೂತಿದ್ದ, ಗೋದಕ್ಕನಿಗೆ ಮಠದ ಪರಿಚಯದ ತುಳಸಾಬಾಯಿ ಸೆರಗಿನಿಂದ ಮೂಗೊರೆಸಿಕೊಂಡಳು. "ಇವನೊಬ್ಬ ಬಂದನಲ್ಲ ಗೋದಾ, ಅಷ್ಟ ಪುಣ್ಯ. ಇಲ್ಲಂದ್ರ ಅವನ ಬಾಯಿಗೆ ಅಕ್ಕಿ ಹಾಕೂರು ಯಾರಿದ್ರು?"

"ಸುದ್ದಿ ಹೆಂಗ ಮುಟ್ತು?"

"ಬುಧವಾರ ರಾತ್ರಿ ಮುಂಬೈಯಾಗ ಇಳದು ಫೋನ್ ಮಾಡ್ದ. ಆಗ ಹೇಳಿದ್ವಿ. ಅದರ ಹಿಂದಿನ ದಿನಾನೂ ಮಾಡಿದ್ದ ನೋಡು, ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕ. ಅತ್ಯಾ, ಇಲ್ಲಿ ರಾತ್ರಿ ಹತ್ತೂವರಿ, ಇನ್ನೊಂದ್ ತಾಸಿಗೆ ವಿಮಾನ ಹತ್ತತೀನಿ ಅಂದ. ಪಾಪ, ನರಸಿಂಹ ಇದ್ದ ಆಗ. ಫ್ಯಾಕ್ಟರಿಗೆ ಹೋಗಿಲ್ಲ ಏನು, ಸಂಜಿ ಮನ್ಯಾಗ ಇರ್ತಾನೇನು ಅಂತ ಕಾಕಾನ್ನ ಕೇಳ್ದ. ಈ ಸಲ ಲೈನ್ ಭಾಳ ಚೊಲೋ ಇತ್ತು. ಮೊದಲೆಲ್ಲ ಅಮೆರಿಕಾದ ಫೋನ್ ಅಂದ್ರ ನಾ ಮಾತು ಮುಗಿಸಿ ಸುಮ್ನ ಕುಂದರಬೇಕಿತ್ತು, ಆಮ್ಯಾಲೆ ಅವನ ದನಿ ಬರ್ತಿತ್ತು. ಈ ಸಲ ಮಾತಿಗೆ ಮಾತು."

"ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೆಂಗ ಬಂದ್ರಿ?" ಎಂದು ಗೋದಕ್ಕ ಪ್ರಹ್ಲಾದನತ್ತ ತಿರುಗಿದಳು.

"ಹೋಗೂವಾಗ ಲಂಡನ್ ಮ್ಯಾಲೆ ಹೋಗಿದ್ದೆ. ಬರೂವಾಗ ಹಾಂಗ್‌ಕಾಂಗ್ ಮ್ಯಾಲೆ. ಆ ದಾರಿ ನಾ ಎಂದೂ ನೋಡಿರಲಿಲ್ಲ. ಸೋಮವಾರ ರಾತ್ರಿ ಹನ್ನೊಂದೂವರಿಗೆ ಬಿಟ್ಟು, ಅವರ ಬುಧವಾರ ಮುಂಜಾನೆ ಆರಕ್ಕ ಹಾಂಗ್‌ಕಾಂಗ್. ಹದಿನಾಲ್ಕೂವರಿ ತಾಸು. ಮಧ್ಯಾಹ್ನ ಅಲ್ಲಿಂದ ಮುಂಬೈ. ನಿನ್ನೆ ಮುಂಜಾನೆ ಮೊದಲ ವಿಮಾನಕ್ಕ ಬೇಗಂಪೇಟೆ." ಚಾಪೆಯ ಪಕ್ಕದಲ್ಲಿದ್ದ ಟಿಕೆಟ್ಟನ್ನು ಅವನೇ ಮುಂದೆ ಚಾಚಿದ. "ಪಾಸ್‌ಪೋರ್ಟ್ ಇದ್ದ ಕೈಚೀಲ ಮುಂಬೈ ಟ್ಯಾಕ್ಸ್ಯಾಗ ಹೋತು. ಇದೊಂದು ಕಿಸೆದಾಗಿತ್ತು."

ಶಿವಾನಂದ ಟಿಕೆಟ್ ನೋಡಿದ. ಹೊರಡುವ ಹೊತ್ತು, ಇಳಿಯುವ ಹೊತ್ತು, ಎಲ್ಲ ಅವನು ಹೇಳಿದ ಹಾಗೆಯೇ ಇದ್ದವು.

"ಅಷ್ಟರಾಗೂ ಏಕಾದಶಿ ಬಿಡಲಿಲ್ಲ ನಮ್ಮ ಪ್ರಹ್ಲಾದ," ಎಂದಳು ತುಳಸಾಬಾಯಿ. "ವಿಮಾನದಾಗ ಏನೇನೋ ಕೊಡ್ತಾರಂತ. ಮುಟ್ಟಿದ್ಯೇನೋ ಅಂತ ಬಂದ ಕೂಡಲೇ ಕೇಳ್ದೆ."

"ಹನಿ ನೀರೂ ಕುಡಿದಿಲ್ಲ ಅತ್ಯಾ, ಹೇಳೀನಲ್ಲ. ಇಳಿಯೂದಕ್ಕ ಇನ್ನ ಮೂರ್ ತಾಸ್ ಇತ್ತು ನೋಡ್ರಿ, ಮೋಡದ ಮ್ಯಾಲೆ ಸೂರ್ಯ ಹುಟ್ಟಿದ. ಕೆಂಪಗ, ಇಷ್ಟ್ ದೊಡ್ಡದು. ಕಿಟಕಿ ಕಡೆ ಮುಖ ಮಾಡಿ ಕುಂತಲ್ಲೇ ಸಂಧ್ಯಾವಂದನಿ ಮಾಡ್ದೆ. ಪ್ಲಾಸ್ಟಿಕ್ ಗ್ಲಾಸಿನ್ಯಾಗ ಅರ್ಘ್ಯ ಬಿಟ್ಟೆ. ಬಾಜೂಕಿನ ಗೋರಾ ಮನಶ್ಯಾ ನನ್ನ ಹುಚ್ಚ ಅನಕೊಂಡ."

ಆ ದುಃಖದಲ್ಲೂ ತುಳಸಾಬಾಯಿಯ ಮುಖ ಅರಳಿತು. ಗೋದಕ್ಕನೂ ನಕ್ಕಳು. "ರಾತ್ರಿ ನಿದ್ದಿ ಬಂತೋ ಇಲ್ಲೋ, ಇಷ್ಟು ದೂರದಿಂದ ಬಂದು?"

"ಅಯ್ಯ, ಒಂಬತ್ತಕ್ಕ ಮಲಗಿದವ ಐದಕ್ಕ ಎದ್ದ," ಎಂದು ತುಳಸಾಬಾಯಿಯೇ ಉತ್ತರಿಸಿದಳು. "ಗೊರಕಿ ಹಿತ್ತಲಿಗೆ ಕೇಳಸ್ತಿತ್ತು."

ಹೊರಗೆ ಬಂದು ಆಟೋ ಹತ್ತಿದ ಮೇಲೆ ಶಿವಾನಂದ ಎಂದಿನಂತೆ ತನ್ನ ತಪ್ಪು ಉತ್ತರ ಕೊಟ್ಟ. "ಇವನನ್ನ ಬಿಡ್ರಿ ಗೋದಕ್ಕ. ಬಸವಲಿಂಗಪ್ಪನ್ನ ಹಿಡಿಯೂಣು. ಶಿಫ್ಟಿನ ನಡುವ ಎದ್ದು ಬಂದಿರಬಹುದು."

ಮನೆಗೆ ಬಂದವಳೇ ಗೋದಕ್ಕ ಕಪಾಟಿನ ಮೇಲಿದ್ದ, ಸ್ಟ್ಯಾಂಡಿನ ಮೇಲೆ ತಿರುಗುವ ಹಳೆಯ ಭೂಗೋಳ ಇಳಿಸಿದಳು. ಹೊಲಿಗೆ ಡಬ್ಬಿಯಿಂದ ಕೆಂಪು ದಾರ ತಂದಳು.

"ಸ್ಯಾನ್‌ಫ್ರಾನ್ಸಿಸ್ಕೋದಿಂದ ಹಾಂಗ್‌ಕಾಂಗ್ ಎಷ್ಟು ದೂರ? ಅಳಿ."

ಶಿವಾನಂದ ದಾರವನ್ನು ಹವಾಯಿ ದ್ವೀಪಗಳ ಹತ್ತಿರದಿಂದ, ಭೂಮಧ್ಯರೇಖೆಗೆ ಸಮಾನಾಂತರವಾಗಿ ಅಡ್ಡಕ್ಕೆ ಹಿಡಿದ. ಅವಳು ಅವನ ಕೈ ಮೇಲೆ ಹಗುರಾಗಿ ಹೊಡೆದಳು.

"ಗೋಡಿ ಮ್ಯಾಲಿನ ನಕಾಶಾ ನೋಡಿ ಕೆಟ್ಟೀ ನೀನು. ದಾರಾ ಬಿಗಿ ಹಿಡದು ಬಿಡು. ಅದು ತಾನೇ ಎಲ್ಲಿ ಹೋಗ್ತದ ನೋಡು."

ದಾರ ಸರ್ರನೆ ಮೇಲಕ್ಕೆ ಜಾರಿ, ಅಲಾಸ್ಕಾದ ಬಾಲದಂತಿರುವ ದ್ವೀಪಗಳನ್ನು ಸವರಿ, ಜಪಾನಿನ ಮೇಲೆ ಇಳಿಯಿತು. ದುಂಡಗಿನ ಭೂಮಿಯ ಮೇಲೆ ಹತ್ತಿರದ ದಾರಿ ಅದೇ. ಅಳತೆ ಹಚ್ಚಿದಾಗ ಹನ್ನೊಂದು ಸಾವಿರ ಕಿಲೋಮೀಟರಿನ ಮೇಲೆ ಸ್ವಲ್ಪ ಬಂತು.

"ತಾಸಿಗೆ ಒಂಬೈನೂರು ಅಂದ್ರ ಹನ್ನೆರಡು ತಾಸು ಚಿಲ್ಲರೆ," ಎಂದು ಲೆಕ್ಕ ಹಾಕಿದ ಶಿವಾನಂದ. ಅವನ ಕಣ್ಣು ಮಿನುಗಿತು. "ಅವ ಹದಿನಾಲ್ಕೂವರಿ ಅಂದ! ಎರಡ್ ತಾಸು ಎಲ್ಲಿ ಹೋತು?"

"ಗಾಳಿಗೆ ಹೋತು. ಅಷ್ಟು ಮ್ಯಾಲೆ ಪಶ್ಚಿಮದಿಂದ ಪೂರ್ವಕ್ಕ ಬಿರುಗಾಳಿ ಹರೀತದ, ಹೊಳಿ ಹರಿದಂಗ. ಜನವರ್ಯಾಗ ಭಾಳ ಜೋರು. ಪಶ್ಚಿಮಕ್ಕ ಹೋಗೂ ವಿಮಾನ ಅದನ್ನ ಎದುರಿಸಿ ಈಜಬೇಕು. ಹದಿನಾಲ್ಕೂವರಿ ಬರೋಬ್ಬರಿ."

ಶಿವಾನಂದ ಸಪ್ಪಗಾದ. "ಹಂಗಾದ್ರ ಅವ ಹೇಳಿದ್ದು ಖರೇ. ಮಂಗಳವಾರ ನಮ್ಮ ಮಧ್ಯಾಹ್ನ ಒಂದಕ್ಕ ಹತ್ಯಾನ. ಸಂಜಿ ಏಳಕ್ಕ ಸಮುದ್ರದ ನಟ್ಟನಡುವ ಇದ್ದ."

"ಟಿಕೆಟ್ ಹೇಳಿದ್ದು ಖರೇ," ಅಂದಳು ಗೋದಕ್ಕ. "ಕಿಟಕಿ ಮುಚ್ಚು."

ಮಟಮಟ ಮಧ್ಯಾಹ್ನ ಕೋಣೆ ಕತ್ತಲಾಯಿತು. ಅವಳು ಮೇಜಿನ ದೀಪವೊಂದನ್ನೇ ಹಚ್ಚಿ, ಅದರ ಮುಂದೆ ಭೂಗೋಳವನ್ನು ಇಷ್ಟಿಷ್ಟೇ ತಿರುಗಿಸುತ್ತ, ದಾರದ ಮೇಲೆ ಬೆರಳು ಸರಿಸುತ್ತ ಕೂತಳು. ಶಿವಾನಂದ ಕೇಳಿದ್ದಕ್ಕೆಲ್ಲ ಹೂಂಗುಟ್ಟಿದಳು. ಕಡೆಗೆ ಕಿಟಕಿ ತೆರೆಯಲು ಹೇಳಿ ಅವಳೇ ಈ ಕೇಸು ನೋಡುತ್ತಿದ್ದ ಇನ್‌ಸ್ಪೆಕ್ಟರ್ ಯಾದಗಿರಿ ಎಂಬವನಿಗೆ ಫೋನ್ ಮಾಡಿದಳು.

"ಯಾದಗಿರಿ, ಆ ಹುಡುಗನ ಮೈಗೆ ಇನ್ನೊಂದ್ ಏಟು ಬಿದ್ರ ನಾಳೆ ನಿನಗ ಭಾಳ ತ್ರಾಸಾಗ್ತದ. ಇನ್ನ ಮುಂಬೈಗೆ ಒಂದು ಫೋನ್ ಮಾಡಬೇಕು. ಯಾರಿಗೆ, ಏನು ಅಂತ ಬರಕೋ."

ಮರುದಿನ ಶನಿವಾರ ಮಧ್ಯಾಹ್ನ ಎಲ್ಲರೂ ಮುತಾಲಿಕರ ಪಡಸಾಲೆಯಲ್ಲಿ ಸೇರಿದರು. ಪ್ರಹ್ಲಾದ ಚಾಪೆಯ ಮೇಲಿದ್ದ. ತುಳಸಾಬಾಯಿ ಗೋಡೆಗೆ ಒರಗಿದ್ದಳು. ಸುಹಾಸಿನಿ ಬಾಗಿಲ ಬಳಿ ನಿಂತೇ ಇದ್ದಳು. ನಾಚಾರಂನಿಂದ ಕರೆಸಿದ್ದ ಬಸವಲಿಂಗಪ್ಪ ಮೂಲೆಯಲ್ಲಿ ಗೊಣಗುತ್ತಿದ್ದ. "ತಗದು ಹಾಕಿದ್ದೂ ನನ್ನನ್ನ, ಕರೆಸೂದೂ ನನ್ನನ್ನ. ಅರ್ಧ ದಿನದ ಪಗಾರ ಯಾರಪ್ಪ ಕೊಡ್ತಾನ?"

ಯಾದಗಿರಿ ಇಬ್ಬರು ಪೇದೆಗಳ ನಡುವೆ ಮಲ್ಲಿಕಾರ್ಜುನನನ್ನು ಕರೆತಂದ. ಅವನು ಕುಂಟುತ್ತಿದ್ದ. ಸುಹಾಸಿನಿ ಅವನ ಕಾಲು ನೋಡಿದಳು, ಆಮೇಲೆ ಯಾದಗಿರಿಯ ಮುಖ ನೋಡಿದಳು. ಯಾದಗಿರಿ ಗಡಿಯಾರ ನೋಡಿಕೊಂಡ. ಗಡಿ ತಾಲೂಕಿನಲ್ಲಿ ನೌಕರಿ ಮಾಡಿದವನಾದ್ದರಿಂದ ಅವನಿಗೆ ಕನ್ನಡ ಬರುತ್ತಿತ್ತು.

"ಗೋದಮ್ಮಾ, ಜಲ್ದಿ ಹೇಳ್ರಿ. ನಮ್ಮ ಸಾಹೇಬರು ಸಂಜಿ ಒಳಗೆ ಕಾಗದ ಕೇಳ್ತಾ ಇದಾರೆ."

ಗೋದಕ್ಕ ಚೀಲದಿಂದ ಕೆಂಪು ದಾರ ಬಿಗಿದಿದ್ದ ಭೂಗೋಳ ತೆಗೆದು ಸ್ಟೂಲಿನ ಮೇಲಿಟ್ಟಳು. ಶಿವಾನಂದ ಕಿಟಕಿ ಮುಚ್ಚಿ ದೀಪ ಹಚ್ಚಿದ.

"ಪ್ರಹ್ಲಾದ, ನಿನ್ನೆ ಹೇಳಿದ ಸೂರ್ಯೋದಯ ಇನ್ನೊಮ್ಮೆ ಹೇಳಪ್ಪಾ."

ಪ್ರಹ್ಲಾದನಿಗೆ ಆಶ್ಚರ್ಯವಾದಂತೆ ಕಂಡಿತು. "ಯಾಕ್ರಿ? ಇಳಿಯೂದಕ್ಕ ಮೂರ್ ತಾಸ್ ಮೊದಲು ಸೂರ್ಯ ಹುಟ್ಟಿದ. ಅರ್ಘ್ಯ ಬಿಟ್ಟೆ."

"ಹಾಂಗ್‌ಕಾಂಗದಾಗ ಇಳದ ಮ್ಯಾಲೆ ಅಲ್ಲಲ್ಲ?"

"ಅಲ್ಲ, ವಿಮಾನದಾಗ."

"ಚಂದ್ರನ್ನ ನೋಡಿ ಸೂರ್ಯ ಅನಕೊಂಡಿಲ್ಲಲ್ಲ?"

"ಏನ್ರಿ ಹಂಗಂದ್ರ? ಕಣ್ಣಿಗೆ ಕುಕ್ತದಂತ ಎಲ್ಲಾರೂ ಪರದೆ ಇಳಿಸಿದ್ರು."

"ಚೊಲೋ ಆತು." ಗೋದಕ್ಕ ಕಣಕದ ಸಣ್ಣ ಉಂಡೆಯಿಂದ ಒಂದು ಕಡಲೆಬೇಳೆಯನ್ನು ಸ್ಯಾನ್‌ಫ್ರಾನ್ಸಿಸ್ಕೋದ ಮೇಲೆ ಅಂಟಿಸಿದಳು. "ಇದು ವಿಮಾನ. ದೀಪ ಸೂರ್ಯ. ರಾತ್ರಿ ಹನ್ನೊಂದೂವರಿ, ಅಂದ್ರ ಬ್ಯಾಳಿ ದೀಪಕ್ಕ ಬೆನ್ನ ಹಾಕಿ, ನಡು ಕತ್ತಲಿನ್ಯಾಗ ಐತಿ. ಈ ಉದ್ದ ಗೆರಿ ನೋಡ್ರಿ. ಒಂದೊಂದು ಗೆರಿ ಒಂದೊಂದು ತಾಸು. ನಾ ಒಂದು ಗೆರಿ ಭೂಮಿ ತಿರಗಸ್ತೀನಿ, ಶಿವಾನಂದ ದಾರದ ಮ್ಯಾಲೆ ಬ್ಯಾಳಿ ಒಂದು ತಾಸಿನಷ್ಟು ಮುಂದ ಸರಸ್ತಾನ."

ಅವಳು ಭೂಮಿಯನ್ನು ಪೂರ್ವಕ್ಕೆ ತಿರುಗಿಸಿದಳು. ಬೇಳೆ ಬೆಳಕಿನ ಅಂಚಿನ ಕಡೆ ನಡೆಯಿತು. ಶಿವಾನಂದ ಬೇಳೆಯನ್ನು ಪಶ್ಚಿಮಕ್ಕೆ ಸರಿಸಿದ. ಅದು ಮತ್ತೆ ಕತ್ತಲೊಳಗೆ ಹಿಂದಕ್ಕೆ ಹೋಯಿತು. ಭೂಮಿ ಅದನ್ನು ಹೊತ್ತು ತಂದಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ವಿಮಾನ ಓಡಿ ಅಳಿಸಿಬಿಡುತ್ತಿತ್ತು. ನಾಲ್ಕು ತಾಸು, ಎಂಟು ತಾಸು. ಹನ್ನೊಂದೂವರೆ ತಾಸಿಗೆ ಗೋದಕ್ಕ ಕೈ ನಿಲ್ಲಿಸಿದಳು.

"ಇಳಿಯೂದಕ್ಕ ಇನ್ನ ಮೂರ್ ತಾಸು. ಯಾದಗಿರಿ, ಬ್ಯಾಳಿ ಎಲ್ಲೈತಿ?"

ಯಾದಗಿರಿ ಬಗ್ಗಿ ನೋಡಿದ. "ಕತ್ತಲಲ್ಲಿ."

"ಹಾಂಗ್‌ಕಾಂಗದಾಗ ಇಳಿದಾಗ?" ಅವಳು ಉಳಿದಷ್ಟನ್ನು ತಿರುಗಿಸಿದಳು.

"ಇನ್ನೂ ಕತ್ತಲಲ್ಲೇ. ಅಂಚಿಗೆ ಬಂದಿದೆ, ಬೆಳಕಿಗೆ ಬಂದಿಲ್ಲ."

"ಒಳಗ ಕುಂತವರಿಗೆ ಹದಿನಾಲ್ಕೂವರಿ ತಾಸು. ಹೊರಗ ರಾತ್ರಿ ಸರಿದದ್ದು ಬರೇ ಆರೂವರಿ ತಾಸು. ಚಳಿಗಾಲ, ದಾರಿ ಉತ್ತರಕ್ಕ ಹೋಗ್ತದ, ಅಲ್ಲಿ ಹೊತ್ತು ಏಳೂದೂ ತಡಾ. ನಡುವ ತಾರೀಖಿನ ಗೆರಿ ದಾಟಿತು, ಮಂಗಳವಾರ ಹೋಗಿ ಬುಧವಾರ ಬಂತು. ಆ ವಿಮಾನದಾಗಿದ್ದವರಿಗೆ ಆ ಮಂಗಳವಾರ ಬೆಳಗೇ ಆಗಲಿಲ್ಲ. ಇವನೊಬ್ಬನಿಗೇ ಸೂರ್ಯ ಹುಟ್ಟಿದ."

ಬಸವಲಿಂಗಪ್ಪ ಮೂಲೆಯಿಂದ ಎದ್ದು ಬಂದು ಬೇಳೆಯನ್ನು ಬಗ್ಗಿ ನೋಡಿದ.

ಪ್ರಹ್ಲಾದ ಕೈ ಮುಗಿದ, ತುಳಸಾಬಾಯಿಯ ಕಡೆಗೆ. "ತಪ್ಪಾತು ಅತ್ಯಾ. ನಿನ್ನ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಸುಳ್ಳು ಹೇಳ್ದೆ. ವಿಮಾನದಾಗ ತಿಂದೆ, ಮಲಗಿದೆ. ಸೂರ್ಯನೂ ಇಲ್ಲ, ಸಂಧ್ಯಾವಂದನಿನೂ ಇಲ್ಲ. ಇದಕ್ಕ ಕೊಲಿ ಅಂತೀರೇನು ಗೋದಾವರಿಬಾಯಿ?"

ಶಿವಾನಂದನಿಗೆ ಆ ಮಾತು ಸರಿಯೆನಿಸಿತು. ಏಕಾದಶಿಯ ಬಗ್ಗೆ ಅತ್ತೆಗೆ ಸುಳ್ಳು ಹೇಳಿದವರನ್ನೆಲ್ಲ ಹಿಡಿದರೆ ಬರ್ಕತ್‌ಪುರಾದ ಅರ್ಧ ಗಂಡಸರು ಜೈಲಿನಲ್ಲಿರುತ್ತಿದ್ದರು. ಮಲ್ಲಿಕಾರ್ಜುನ ಗೋಡೆ ಹಿಡಿದು ನಿಂತಿದ್ದ. ಸುಹಾಸಿನಿ ಗೋದಕ್ಕನನ್ನೇ ದಿಟ್ಟಿಸುತ್ತಿದ್ದಳು.

"ಸುಳ್ಳಂತ ಒಪ್ಪಿಕೊಂಡಿ. ಇನ್ನ ಎಂಥಾ ಸುಳ್ಳು ಅಂತ ನೋಡೂಣು," ಅಂದಳು ಗೋದಕ್ಕ. "ಆ ವಿಮಾನದಾಗ ಕುಂತವ ಏನ ಮರೆತರೂ ಮುಗೀಲಾರದ ಆ ರಾತ್ರಿ ಮರೆಯಂಗಿಲ್ಲ. ಅತ್ಯಾಗ ಸುಳ್ಳು ಹೇಳಬೇಕಂದ್ರ ಹಾಂಗ್‌ಕಾಂಗ್ ನಿಲ್ದಾಣದಾಗ ಅರ್ಘ್ಯ ಬಿಟ್ಟೆ ಅಂತಿದ್ದ. ನೀ ಹಂಗನಲಿಲ್ಲ. ಆ ದಾರಿ ನೀ ನೋಡೇ ಇಲ್ಲ. ವಿಮಾನ ಅಂದ್ರ ರಾತ್ರಿ ಆದ ಮ್ಯಾಲೆ ಬೆಳಗಾಗಬೇಕು ಅಂತ ಅನಕೊಂಡಿ. ಲಂಡನ್ನಿಂದ ಪೂರ್ವಕ್ಕ ಬಂದವರಿಗೆ ಹಂಗೇ ಆಗ್ತದ. ಅವರು ಸೂರ್ಯನ್ನ ಎದುರುಗೊಳ್ಳಾಕ ಹೋಗ್ತಾರ. ರಾತ್ರಿ ಸಣ್ಣದು. ಮುಂಬೈಗೆ ಇನ್ನ ಮೂರ್ ತಾಸ್ ಐತಿ ಅನ್ನೂದ್ರಾಗ ಕೆಂಪು ಸೂರ್ಯ. ನೀ ಕಂಡದ್ದು ಖರೇ ಸೂರ್ಯನ್ನೇ. ದಾರಿ ಬ್ಯಾರೆ, ದಿನ ಬ್ಯಾರೆ."

"ಊಹೆ."

"ಹೂಂ, ನಿನ್ನೆ ಮಧ್ಯಾಹ್ನದ ತನಕ ಊಹೇನ. ಇನ್ನೆರಡು ಮಾತು ಕೇಳು. ಅಮೆರಿಕಾದ ಹಗಲು ನಮಗ ರಾತ್ರಿ. ಅಲ್ಲಿಂದ ನಿನ್ನೆ ಮೊನ್ನೆ ಬಂದವರಿಗೆ ನಡುರಾತ್ರ್ಯಾಗ ಕಣ್ಣು ಪಕಪಕ ಅಂತಾವ. ನೀ ಒಂಬತ್ತಕ್ಕ ಮಲಗಿ ಐದಕ್ಕ ಎದ್ದಿ. ಮೈಗೆ ಇಲ್ಲಿನ ಹೊತ್ತು ಆಗಲೇ ಹೊಂದಿತ್ತು. ಎರಡನೇದು ಫೋನು. ಅಮೆರಿಕಾದಿಂದ ಮಾತು ಆಕಾಶದ ಉಪಗ್ರಹಕ್ಕ ಹೋಗಿ ಇಳೀಬೇಕು, ನಡುವ ಒಂದು ಗುಟುಕು ತಡಾ ಆಗ್ತದ. ಅದಕ್ಕ ಈಕಿ ಪ್ರತಿ ಸಲ ಸುಮ್ನ ಕುಂತು ಕಾಯ್ತಿದ್ಲು. ಮಂಗಳವಾರ ಮಾತಿಗೆ ಮಾತು ಬಂತು. ನೀ ಇದೇ ಊರಾಗಿನ ಯಾವುದೋ ಬೂತಿನಿಂದ ಮಾತಾಡಿದಿ. ಮಾತಾಡಿದ್ದಾದ್ರೂ ಏನು? ಕಾಕಾ ಸಂಜಿ ಮನ್ಯಾಗ ಇರ್ತಾನೇನು ಅಂತ."

ತುಳಸಾಬಾಯಿಯ ಕೈ ಸೆರಗಿನ ಮೇಲೆ ನಿಂತುಬಿಟ್ಟಿತು.

"ಪಾಸ್‌ಪೋರ್ಟ್ ಕಳದುಹೋದ್ರೂ ಅದಕ್ಕ ಮುದ್ರಿ ಒತ್ತಿದವರು ಕಳದುಹೋಗೂದಿಲ್ಲ," ಅಂದಳು ಗೋದಕ್ಕ. "ಯಾದಗಿರಿ."

ಯಾದಗಿರಿ ಗಂಟಲು ಸರಿಮಾಡಿಕೊಂಡ. ಅವನು ಈಗ ಗಡಿಯಾರ ನೋಡುತ್ತಿರಲಿಲ್ಲ. "ಇವತ್ತು ಹನ್ನೊಂದಕ್ಕೆ ಮುಂಬೈಯಿಂದ ಉತ್ತರ ಬಂತು. ಪ್ರಹ್ಲಾದ ಮುತಾಲಿಕ, ಲಂಡನ್ ವಿಮಾನ, ಭಾನುವಾರ ಮಧ್ಯಾಹ್ನ ಇಳಿದಿದ್ದಾರೆ. ಬುಧವಾರ ಹಾಂಗ್‌ಕಾಂಗ್‌ನಿಂದ ಬಂದವರಲ್ಲಿ ಈ ಹೆಸರಿಲ್ಲ."

ಪ್ರಹ್ಲಾದ ಏಳಲು ಹೋದ. ಪೇದೆಯೊಬ್ಬ ಅವನ ಭುಜ ಒತ್ತಿ ಕೂರಿಸಿದ. ಪಂಚೆ ಜಾರಿತು. ಅದನ್ನು ಸರಿ ಮಾಡಿಕೊಳ್ಳುವುದೂ ಅವನಿಗೆ ಹೊಳೆಯಲಿಲ್ಲ.

"ಬ್ಯಾರೆ ಟಿಕೆಟ್ ತಗಸಿ ಲಂಡನ್ ಮ್ಯಾಲೆ ಬಂದು ಭಾನುವಾರ ಇಳದಿ," ಎಂದು ಗೋದಕ್ಕ ಅದೇ ದನಿಯಲ್ಲಿ ಮುಂದುವರಿಸಿದಳು. "ರೈಲಿಗೆ ಹೈದರಾಬಾದಿಗೆ ಬಂದಿ. ಮಂಗಳವಾರ ಏಕಾದಶಿ, ಅತ್ಯಾ ಮಠಕ್ಕ ಹೋಗೇ ಹೋಗ್ತಾಳ ಅಂತ ನಿನಗ ಗೊತ್ತು. ಚಿಲಕದ ಗುಟ್ಟೂ ಗೊತ್ತು. ಪುಡಿ ಕೆಟ್ಟೈತಿ ಅಂತ ಕಾಕಾ ಫೋನಿನ್ಯಾಗ ಹೇಳಿರಬೇಕು. ವಾಪಸ್ ತರಿಸಿದ್ರ, ಪರೀಕ್ಷಾ ಮಾಡದೇ ಪಾಸ್ ಮಾಡಿದವ ಯಾರು ಅಂತ ಎಲ್ಲಾರೂ ಕೇಳ್ತಾರ. ಕೆಲಸ ಮುಗಿಸಿ, ಬಾಟ್ಲಿ ತಗೊಂಡು, ರಾತ್ರಿ ರೈಲಿಗೆ ಮತ್ತ ಮುಂಬೈ. ಉಪಯೋಗಿಸಲಾರದ ಟಿಕೆಟ್ ಕಿಸೆದಾಗ ಇತ್ತು, ತೋರಸಾಕ."

"ಮಾತಾಡಾಕ ಬಂದಿದ್ದೆ," ಅಂದ ಪ್ರಹ್ಲಾದ. ಮೃದು ದನಿ ಹೋಗಿ ಒರಟು ದನಿ ಬಂದಿತ್ತು. "ಬರೇ ಮಾತಾಡಾಕ. ಕಾಕಾ ಕೇಳಲಿಲ್ಲ. ನಿನ್ನ ಜೈಲಿಗೆ ನಾನೇ ಕಳಸ್ತೀನಂದ."

"ಮಾತಾಡಾಕ ಬರೂವ ಬಾಜೂಕಿನ ಓಣಿಯಿಂದ ಅಮೆರಿಕಾ ಅಂತ ಫೋನ್ ಮಾಡೂದಿಲ್ಲ."

ಪ್ರಹ್ಲಾದ ಜಾರಿದ್ದ ಪಂಚೆಯನ್ನು ಈಗ ಎಳೆದು ಹೊದ್ದುಕೊಂಡ.

ತುಳಸಾಬಾಯಿ ಗೋಡೆ ಬಿಟ್ಟು ಎದ್ದಳು. ಎಪ್ಪತ್ತರ ಮುದುಕಿ, ಮೊಣಕಾಲು ನೋವು, ಆದರೂ ಯಾರ ಕೈಯನ್ನೂ ಹಿಡಿಯಲಿಲ್ಲ. ಬೋಳು ತಲೆಯ ಮುಂದೆ ನಿಂತು ಕೇಳಿದಳು. "ಕೊಂದ ಕೈಲೇ ಕೊಳ್ಳಿ ಇಟ್ಟಿ. ಅದನ್ನೂ ಬಿಡು. ಅರ್ಘ್ಯ ಬಿಟ್ಟೆ ಅಂದ್ಯಲ್ಲೋ ಪ್ರಹ್ಲಾದ, ಯಾವ ಸೂರ್ಯಗ ಬಿಟ್ಟಿ?"

ಶಿವಾನಂದ ಹೋಗಿ ಕಿಟಕಿ ತೆರೆದ. ಬಿಸಿಲು ಒಳಗೆ ಬಿದ್ದು ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡರು.

ಯಾದಗಿರಿ ಪ್ರಹ್ಲಾದನನ್ನು ಜೀಪಿಗೆ ಹತ್ತಿಸಿದ. ಮಲ್ಲಿಕಾರ್ಜುನನಿಗೆ, "ನೀನು ಮನೆಗೆ ಹೋಗಬಹುದು," ಅಂದ. ಅಷ್ಟೇ ಅಂದ. ಕಾಲಿನ ಬಗ್ಗೆ ಏನೂ ಹೇಳಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತ ಮಲ್ಲಿಕಾರ್ಜುನ ಗೋದಕ್ಕನ ಕಡೆ ನೋಡಿ, ಮೂರು ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಹೊರಹಾಕಿದ.

"ಆ ಪುಡಿ ನಿಲ್ಲಿಸಿದ್ರೇನ್ರಿ? ನಾಗಪುರದವರಿಗೆ ಯಾರರೆ ಹೇಳಿದ್ರೇನು? ಸ್ಟೇಶನ್ನಿನ್ಯಾಗ ನಾ ಹೇಳಿದ್ದು ಯಾರೂ ಕೇಳ್ಲಿಲ್ಲ. ಅವರು ಸಿರಪ್ ಕಲಸಾಕ ಚಾಲೂ ಮಾಡಿದ್ರ..."

ಪಡಸಾಲೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಕೊಲೆಗಾರನನ್ನು ಹುಡುಕುವ ಗದ್ದಲದಲ್ಲಿ ಆರು ಡ್ರಮ್ಮುಗಳನ್ನು ಎಲ್ಲರೂ ಮರೆತಿದ್ದರು. ಗೋದಕ್ಕನೂ ಮರೆತಿದ್ದಳು. ಅವಳ ಮುಖ ಕಪ್ಪಿಟ್ಟದ್ದನ್ನು ಶಿವಾನಂದ ನೋಡಿದ.

"ನಾಗಪುರ ಎಷ್ಟು ದೂರ?" ಎಂದು ಅವಳು ಕೇಳಿದಳು.

"ಐನೂರು ಕಿಲೋಮೀಟರ್. ರೈಲಿಗೆ ಒಂದು ರಾತ್ರಿ," ಅಂದ ಶಿವಾನಂದ ಅಭ್ಯಾಸಬಲದಿಂದ.

"ಮತ್ತ ತಪ್ಪು ಉತ್ತರ. ಒಂದು ಫೋನಿನಷ್ಟು ದೂರ."

ಅಷ್ಟರಲ್ಲಿ ಸುಹಾಸಿನಿ ಒಳಗೆ ಹೋಗಿ ಮುತಾಲಿಕರ ಫೋನು ಕೈಗೆತ್ತಿಕೊಂಡಿದ್ದಳು. ಗಂಡನನ್ನು ನಂಬರು ಕೇಳಿದಳು. ಅವನು ಮೆಟ್ಟಿಲಿನಿಂದಲೇ ಒಂದೊಂದಾಗಿ ಕೂಗಿ ಹೇಳಿದ. ಆ ಕಡೆ ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಶನಿವಾರ ಮಧ್ಯಾಹ್ನ. ಯಾರೂ ಎತ್ತಲಿಲ್ಲ. ಅವಳು ಇಟ್ಟು ಮತ್ತೆ ತಿರುಗಿಸಿದಳು. ಮತ್ತೆ ಇಟ್ಟಳು.

ಮೂರನೆಯ ಸಲ ಯಾರೋ ಎತ್ತಿದರು.

"ಹಲೋ," ಅಂದಳು ಸುಹಾಸಿನಿ. ಆಗ ಮಾತ್ರ ಅವಳ ದನಿ ನಡುಗಿತು. "ಹೈದರಾಬಾದಿನಿಂದ ಮಾತಾಡಾಕತ್ತೀನಿ," ಎಂದು ಕನ್ನಡದಲ್ಲೇ ಶುರು ಮಾಡಿ, ತಪ್ಪು ತಿಳಿದು, ಹಿಂದಿಗೆ ತಿರುಗಿ, ಮೊದಲಿನಿಂದ ಹೇಳತೊಡಗಿದಳು.